ಲಗ್ ಒತ್ತಲು ಕಟಿಂಗ್ ಪ್ಲೇಯರ್ ಸಾಕೇ?

ಇನ್ವರ್ಟರ್ ಬ್ಯಾಟರಿಯ ಬಳಿ ಸುಟ್ಟ ವಾಸನೆ. ಬಗ್ಗಿ ನೋಡಿದರೆ ಕೇಬಲ್ ಬ್ಯಾಟರಿಗೆ ಸೇರುವ ಜಾಗದಲ್ಲಿ ಪ್ಲಾಸ್ಟಿಕ್ ಹೊದಿಕೆ ಕರಗಿದೆ, ಒಳಗಿನ ತಾಮ್ರ ಕಪ್ಪಾಗಿದೆ. ‘ಲೋಡ್ ಜಾಸ್ತಿಯಾಯ್ತು’ ಎಂದೋ ‘ವೈರ್ ಕಳಪೆ’ ಎಂದೋ ನಾವು ಹೇಳಿಬಿಡುತ್ತೇವೆ. ಕೆಲವೊಮ್ಮೆ ಅದು ನಿಜವೂ ಇರಬಹುದು. ಆದರೆ ವೈರ್ ಉದ್ದಕ್ಕೂ ಚೆನ್ನಾಗಿದ್ದು ತುದಿಯಲ್ಲಿ ಮಾತ್ರ ಸುಟ್ಟಿದ್ದರೆ, ಮೊದಲು ಅನುಮಾನಿಸಬೇಕಾದದ್ದು ಅಲ್ಲಿನ ಜೋಡಣೆಯನ್ನು: ಲಗ್ ಅಥವಾ ಥಿಂಬಲ್ ಎಂದು ಕರೆಯುವ ಆ ಪುಟ್ಟ ಲೋಹದ ತುಂಡನ್ನು, ಅದನ್ನು ಒತ್ತಿದ ರೀತಿಯನ್ನು.

ಲಗ್‌ನ ಕೊಳವೆಯೊಳಗೆ ವೈರಿನ ತುದಿ ತೂರಿಸಿ, ಎರಡೂ ಒಂದಾಗುವಂತೆ ಒತ್ತುವುದೇ ಕ್ರಿಂಪಿಂಗ್. ಕೈಗೆ ಸಿಕ್ಕ ಕಟಿಂಗ್ ಪ್ಲೇಯರ್‌ನಲ್ಲಿ ಹಿಸುಕುವವರಿದ್ದಾರೆ, ದೊಡ್ಡ ಲಗ್ ಆದರೆ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಜಜ್ಜುವವರೂ ಇದ್ದಾರೆ. ಎಳೆದರೆ ಬರುವುದಿಲ್ಲ, ಅಂದಮೇಲೆ ಗಟ್ಟಿಯಾಗಿದೆ ಎಂಬ ನಂಬಿಕೆ. ತೊಂದರೆ ಇರುವುದು ಇಲ್ಲೇ.

ನಯವಾಗಿ ಕಾಣುವ ಲೋಹದ ಮೇಲ್ಮೈ ಸೂಕ್ಷ್ಮವಾಗಿ ನೋಡಿದರೆ ಗುಡ್ಡ ಕಣಿವೆಗಳಿಂದ ತುಂಬಿರುತ್ತದೆ. ಎರಡು ಲೋಹಗಳನ್ನು ಒಂದಕ್ಕೊಂದು ತಾಗಿಸಿದಾಗ ಗುಡ್ಡಗಳ ತುದಿಗಳಷ್ಟೇ ತಾಗುತ್ತವೆ. ಕರೆಂಟೆಲ್ಲ ಆ ಕೆಲವೇ ಚುಕ್ಕೆಗಳ ಮೂಲಕ ನುಗ್ಗಬೇಕು. ಸರಿಯಾದ ಅಚ್ಚಿನಲ್ಲಿ, ಸಾಕಷ್ಟು ಬಲದಿಂದ ಒತ್ತಿದಾಗ ತಾಮ್ರದ ಎಳೆಗಳು ತಮ್ಮ ದುಂಡು ಆಕಾರ ಬಿಟ್ಟು ಒಂದಕ್ಕೊಂದು ಅಂಟಿಕೊಂಡು ಕೂರುತ್ತವೆ. ಮೇಲ್ಮೈಯ ಆಕ್ಸೈಡ್ ಪದರ ಒಡೆದು ಶುದ್ಧ ಲೋಹಕ್ಕೆ ಶುದ್ಧ ಲೋಹ ತಾಗುತ್ತದೆ. ನಡುವೆ ಗಾಳಿಗೂ ಜಾಗವಿರುವುದಿಲ್ಲ. ಪ್ಲೇಯರ್ ಮಾಡುವುದು ಬೇರೆಯೇ ಕೆಲಸ: ಕೊಳವೆಯನ್ನು ಚಪ್ಪಟೆಯಾಗಿಸುತ್ತದೆ, ನಡುವಿನ ಎಳೆಗಳು ಬಿಗಿಯಾದರೂ ಎರಡು ಪಕ್ಕಗಳಲ್ಲಿ ಖಾಲಿ ಜಾಗ ಉಳಿಯುತ್ತದೆ. ಆ ಖಾಲಿಯಲ್ಲಿ ಗಾಳಿ, ತೇವ ಸೇರಿ ತಾಮ್ರ ನಿಧಾನವಾಗಿ ಕಪ್ಪಾಗುತ್ತದೆ. ರೋಧ ಹೆಚ್ಚುತ್ತದೆ, ರೋಧ ಹೆಚ್ಚಿದಂತೆ ಬಿಸಿ, ಬಿಸಿಯಾದಂತೆ ಇನ್ನಷ್ಟು ಆಕ್ಸೈಡ್.

ಎಷ್ಟು ಬಿಸಿ? ಕೆಟ್ಟ ಜೋಡಣೆಯೊಂದರ ರೋಧ 0.01 ಓಮ್ ಎಂದುಕೊಳ್ಳೋಣ. ಬಹಳ ಚಿಕ್ಕ ಸಂಖ್ಯೆ. 230 ವೋಲ್ಟ್‌ನಲ್ಲಿ 800 ವ್ಯಾಟ್ ಲೋಡ್ ಎಳೆಯುವುದು ಸುಮಾರು 3.5 ಆಂಪಿಯರ್, ಕರೆಂಟನ್ನು ಅದರಿಂದಲೇ ಗುಣಿಸಿ, ರೋಧದಿಂದ ಮತ್ತೆ ಗುಣಿಸಿದರೆ ಆ ಜೋಡಣೆಯಲ್ಲಿ ಹುಟ್ಟುವ ಶಾಖ 0.12 ವ್ಯಾಟ್. ಯಾರಿಗೂ ಗೊತ್ತಾಗುವುದಿಲ್ಲ. ಅದೇ 800 ವ್ಯಾಟನ್ನು 12 ವೋಲ್ಟ್ ಬ್ಯಾಟರಿಯಿಂದ ತೆಗೆಯಬೇಕಾದರೆ ಸುಮಾರು 70 ಆಂಪಿಯರ್ ಬೇಕು. ಆಗ ಶಾಖ 49 ವ್ಯಾಟ್! ಅಂದರೆ 25 ವ್ಯಾಟ್‌ನ ಎರಡು ಸೋಲ್ಡರಿಂಗ್ ಐರನ್‌ಗಳನ್ನು ಆ ಲಗ್ ಮೇಲೆ ಸದಾ ಒತ್ತಿಹಿಡಿದಂತೆ. ‘ಇಷ್ಟು ವರ್ಷ ಪ್ಲೇಯರ್‌ನಲ್ಲೇ ಮಾಡಿದ್ದೇವೆ, ಏನೂ ಆಗಿಲ್ಲ’ ಎನ್ನುವ ಮಾತು ಒಂದು ಕಡೆ ನಿಜವಾಗಿ ಇನ್ನೊಂದು ಕಡೆ ಅಪಾಯವಾಗುವುದು ಹೀಗೆ. ಎಂಸಿಬಿ ಇದೆಯಲ್ಲ ಎಂದು ಧೈರ್ಯದಿಂದಿರುವಂತೆಯೂ ಇಲ್ಲ. ಎಂಸಿಬಿ ಗಮನಿಸುವುದು ಮಿತಿಮೀರಿದ ಕರೆಂಟನ್ನು. ಇಲ್ಲಿ ಕರೆಂಟ್ ಮಿತಿಯೊಳಗೇ ಇರುತ್ತದೆ, ಜೋಡಣೆ ಮಾತ್ರ ಸುಡುತ್ತಿರುತ್ತದೆ.

ಹಾಗಾದರೆ ಒತ್ತಿದ ಮೇಲೆ ಸೋಲ್ಡರ್ ಹಾಕಿಬಿಟ್ಟರೆ? ಇದು ತುಂಬ ಜನ ನಂಬುವ ಉಪಾಯ. ಆದರೆ ಕರಗಿದ ಸೋಲ್ಡರ್ ಎಳೆಗಳ ನಡುವೆ, ಬತ್ತಿಯಲ್ಲಿ ಎಣ್ಣೆ ಏರಿದಂತೆ ಒಳಗೆ ಏರುತ್ತದೆ. ಅಲ್ಲಿಯವರೆಗೆ ಬಾಗುತ್ತಿದ್ದ ವೈರ್ ಕಡ್ಡಿಯಂತಾಗಿ, ಗಟ್ಟಿ ಭಾಗ ಮುಗಿಯುವಲ್ಲೇ ಅಲುಗಾಟದ ಪೆಟ್ಟು ಬೀಳುತ್ತದೆ. ವಾಹನ, ಪಂಪುಗಳಂಥ ಕಡೆ ವೈರ್ ತುಂಡಾಗುವುದು ಆ ಜಾಗದಲ್ಲಿ. ಒಳ್ಳೆಯ ಕ್ರಿಂಪ್‌ಗೆ ಸೋಲ್ಡರ್ ಬೇಕಿಲ್ಲ. ಕೆಟ್ಟ ಕ್ರಿಂಪನ್ನು ಸೋಲ್ಡರ್ ಮುಚ್ಚಿಡುತ್ತದಷ್ಟೆ.

ಈಗ ಟೂಲ್ ವಿಷಯ. ಅಂಗಡಿಯಲ್ಲಿ ಬರೀ ‘ಕ್ರಿಂಪಿಂಗ್ ಟೂಲ್’ ಎಂದರೆ ಇಂಟರ್‌ನೆಟ್ ಕೇಬಲ್‌ಗೆ ಕನೆಕ್ಟರ್ ಹಾಕುವ ಟೂಲ್ ಕೈಗಿಡುವ ಸಾಧ್ಯತೆ ಇದೆ, ನಮಗೆ ಬೇಕಾದದ್ದು ಅದಲ್ಲ. ಯಾವ ಲಗ್, ಎಷ್ಟು ಸ್ಕ್ವೇರ್ ಎಂಎಂ ವೈರ್ ಎಂದು ಹೇಳಿ ಕೇಳಬೇಕು. ಪ್ಲಾಸ್ಟಿಕ್ ತೋಳಿರುವ ಚಿಕ್ಕ ಲಗ್‌ಗಳಿಗೆ ಬಣ್ಣವೇ ಗುರುತು: ಕೆಂಪು 0.5ರಿಂದ 1.5, ನೀಲಿ 1.5ರಿಂದ 2.5, ಹಳದಿ 4ರಿಂದ 6 ಸ್ಕ್ವೇರ್ ಎಂಎಂ ವೈರಿಗೆ. ಟೂಲ್‌ನ ಬಾಯಲ್ಲೂ ಇದೇ ಬಣ್ಣದ ಚುಕ್ಕೆಗಳಿರುತ್ತವೆ. ಪ್ಲಾಸ್ಟಿಕ್ ಇಲ್ಲದ ಲಗ್‌ಗೆ, ತೆರೆದ ರೆಕ್ಕೆಗಳಿರುವ ವಾಹನದ ಟರ್ಮಿನಲ್‌ಗೆ, ಎಂಸಿಬಿಯೊಳಗೆ ತೂರಿಸುವ ಫೆರೂಲ್‌ಗೆ ಬೇರೆ ಬೇರೆ ಅಚ್ಚು. ಎಲ್ಲಕ್ಕೂ ಒಂದೇ ಸಾಕು ಎನ್ನುವ ತೆಳು ತಗಡಿನ, ವೈರ್ ಸುಲಿಯುವುದರಿಂದ ಹಿಡಿದು ಸ್ಕ್ರೂ ಕತ್ತರಿಸುವವರೆಗೆ ಎಲ್ಲ ಮಾಡುವ ಟೂಲನ್ನು ನಾವಾದರೆ ಬಿಟ್ಟುಬಿಡುತ್ತೇವೆ.

ಖರ್ಚು ಮಾಡಲೇಬೇಕಾದ ಒಂದು ಗುಣವಿದ್ದರೆ ಅದು ರ‍್ಯಾಚೆಟ್. ‘ಕಟಕಟ’ ಸದ್ದು ಮಾಡುತ್ತ ಮುಚ್ಚಿಕೊಳ್ಳುವ ಈ ಟೂಲ್ ಪೂರ್ತಿ ಒತ್ತುವವರೆಗೆ ಬಾಯಿ ಬಿಡುವುದಿಲ್ಲ. ಕೈ ಸೋತರೂ ಅರ್ಧಕ್ಕೆ ನಿಲ್ಲಿಸುವಂತಿಲ್ಲ. ಅಚ್ಚು ಒಂದು ಮಿತಿಗೆ ಬಂದು ನಿಲ್ಲುವುದರಿಂದ ಅತಿಯಾಗಿ ಒತ್ತಿ ಎಳೆಗಳನ್ನು ಕತ್ತರಿಸುವ ಭಯವೂ ಕಡಿಮೆ. ಮೊದಲ ಲಗ್, ಐವತ್ತನೆಯ ಲಗ್ ಎರಡೂ ಒಂದೇ ಥರ. ಕೊಳ್ಳುವಾಗ ಖಾಲಿ ಟೂಲನ್ನು ಒಮ್ಮೆ ಮುಚ್ಚಿ ಬೆಳಕಿಗೆ ಹಿಡಿದು ನೋಡಿ. ಎರಡು ದವಡೆಗಳು ಓರೆಯಾಗಿ ಕೂರುತ್ತಿದ್ದರೆ ಬೇಡ. ಕೆಂಪು-ನೀಲಿ ಲಗ್‌ಗಳ ಅಚ್ಚಿನಲ್ಲಿ ಒಂದು ಬದಿ ಕಿರಿದು, ಇನ್ನೊಂದು ಅಗಲ. ಅಗಲದ ಬದಿ ವೈರಿನ ಹೊದಿಕೆಯ ಕಡೆಗಿರಬೇಕು. ಇದನ್ನು ತಿರುಗಾಮುರುಗಾ ಹಿಡಿದರೆ ಒಳ್ಳೆಯ ಟೂಲ್ ಕೂಡ ಕೆಟ್ಟ ಕ್ರಿಂಪನ್ನೇ ಕೊಡುತ್ತದೆ.

ಬ್ಯಾಟರಿಯ ದಪ್ಪ ಕೇಬಲ್‌ಗೆ ಈ ಕೈ ಟೂಲ್ ಸಾಲದು. ಅದಕ್ಕೆ ಉದ್ದ ಹಿಡಿಕೆಯ ಅಥವಾ ಹೈಡ್ರಾಲಿಕ್ ಟೂಲ್ ಬೇಕು. ಎರಡು ಲಗ್‌ಗಾಗಿ ಅದನ್ನು ಕೊಳ್ಳುವ ಅಗತ್ಯವಿಲ್ಲ. ಕೇಬಲ್ ಒಯ್ದು, ಆ ಟೂಲ್ ಇರುವ ಅಂಗಡಿಯಲ್ಲೋ ಎಲೆಕ್ಟ್ರಿಷಿಯನ್ ಬಳಿಯೋ ಒತ್ತಿಸಿಕೊಂಡರಾಯಿತು. ಅಲ್ಯೂಮಿನಿಯಂ ವೈರಾದರೆ ಅದಕ್ಕೆಂದೇ ಇರುವ ಲಗ್ ಕೇಳಿ, ತಾಮ್ರದ್ದು ಹಾಕಬೇಡಿ.

ಈಗಾಗಲೇ ಇರುವ ಜೋಡಣೆಯ ಬಗ್ಗೆ ಅನುಮಾನವಿದ್ದರೆ, ಇನ್ವರ್ಟರ್ ಅರ್ಧ ಗಂಟೆ ಲೋಡ್ ಹೊತ್ತ ಮೇಲೆ ಆಫ್ ಮಾಡಿ, ಅಂಗೈಯ ಹಿಂಬದಿಯನ್ನು ಲಗ್ ಹತ್ತಿರಕ್ಕೆ ತಂದು ನೋಡಿ. ಕೇಬಲ್‌ನ ನಡುಭಾಗಕ್ಕಿಂತ ಅಲ್ಲಿ ಸ್ಪಷ್ಟವಾಗಿ ಹೆಚ್ಚು ಬಿಸಿಯಿದ್ದರೆ ಮೊದಲು ನಟ್ ಬಿಗಿಯಾಗಿದೆಯೇ ಪರೀಕ್ಷಿಸಿ. ಬಿಗಿಯಾಗಿದ್ದೂ ಬಿಸಿಯಾಗುತ್ತಿದ್ದರೆ ಹಳೆಯ ಲಗ್ಗನ್ನೇ ಮತ್ತೆ ಒತ್ತಲು ಹೋಗಬೇಡಿ. ಕೇಬಲ್ ಬಿಚ್ಚಿಸಿ, ಕಪ್ಪಾದ ತುದಿಯನ್ನು ಕತ್ತರಿಸಿ, ಹೊಳೆಯುವ ತಾಮ್ರಕ್ಕೆ ಹೊಸ ಲಗ್ ಹಾಕಿಸಿ.