ಬಾಗಿಲು ತೆಗೆದರೆ ಕಾರಿನೊಳಗೆ ಲೈಟ್ ಹೇಗೆ ಹತ್ತುತ್ತೆ?

ಕಾರಿನ ಬಾಗಿಲು ತೆಗೆದ ತಕ್ಷಣ ಒಳಗೆ ಲೈಟ್ ಹತ್ತುತ್ತಲ್ಲ, ಹಾಕಿದ್ದು ಯಾರು?

ಬಾಗಿಲ ಚೌಕಟ್ಟಿನಲ್ಲೋ ಲಾಕ್‌ನೊಳಗೋ ಒಂದು ಪುಟ್ಟ ಸ್ವಿಚ್ ಇದೆ. ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ಬಲ್ಬಿಗೆ ಬ್ಯಾಟರಿಯ ಪ್ಲಸ್ ಸದಾ ಬರ್ತಿರುತ್ತೆ. ಬಾಗಿಲು ತೆಗೆದಾಗ ಈ ಸ್ವಿಚ್ ಅರ್ಥಿಂಗ್ ಕೊಡುತ್ತೆ. ಸರ್ಕ್ಯೂಟ್ ಪೂರ್ತಿ, ಲೈಟ್ ಆನ್!

ಹೊಸ ಕಾರುಗಳಲ್ಲಿ ಸ್ವಿಚ್ ಸುದ್ದಿ ಮುಟ್ಟಿಸೋದು ಕಾರಿನೊಳಗಿನ ಪುಟ್ಟ ಕಂಪ್ಯೂಟರ್ ಆದ ಬಾಡಿ ಕಂಟ್ರೋಲ್ ಮಾಡ್ಯೂಲ್‌ಗೆ. ಬಾಗಿಲು ಹಾಕಿದ ಮೇಲೆ ಲೈಟ್ ಮೆಲ್ಲಗೆ ಮಂಕಾಗಿ ಆರೋದು ಅದರದೇ ಕೆಲಸ.

ಲೈಟ್ ಬರ್ತಿಲ್ವಾ? ಚಾವಣಿಯ ಸ್ವಿಚ್ ‘ಡೋರ್’ನಲ್ಲಿದೆಯಾ ನೋಡಿ, ಆಮೇಲೆ ಫ್ಯೂಸ್ ನೋಡಿ.

‘ಆನ್’ನಲ್ಲೇ ಮರೆತು ಹೋದರೆ? 10 ವ್ಯಾಟ್ ಬಲ್ಬ್ 10 ಗಂಟೆಯಲ್ಲಿ ಸುಮಾರು 8 ಆಂಪಿಯರ್-ಅವರ್ ಹೀರುತ್ತೆ. ಬ್ಯಾಟರಿ ಹಳೆಯದಾಗಿದ್ದರೆ ಬೆಳಗ್ಗೆ ಗಾಡಿ ಸ್ಟಾರ್ಟ್ ಆಗದೇ ಇರಬಹುದು. ಇಳಿಯೋ ಮುಂಚೆ ಒಂದ್ಸಲ ಮೇಲೆ ನೋಡಿ!