ಮಕ್ಕಳ ಕೋಣೆಯಲ್ಲಿ ಹಿಂಡಿ ಮೂಟೆ ಬೇಡ

"ಎಷ್ಟು ಹೇಳಿದರೂ ಹುಡುಗರು ಕೋಣೆ ಓರಣವಾಗಿ ಇಡುವುದಿಲ್ಲ ಡಾಕ್ಟ್ರೇ" ಎಂದು ಸದಸ್ಯರು ದೂರುವುದುಂಟು. ಒಳಗೆ ನೋಡಿದರೆ ಅರ್ಧ ಕೋಣೆ ದೊಡ್ಡವರದೇ ಸಾಮಾನು: ಪಶು ಆಹಾರದ ಮೂಟೆ, ಖಾಲಿ ಚೀಲ, ಉಣ್ಣೆಗೆ ಹೊಡೆಯುವ ಔಷಧಿ.

ಪಶು ಆಹಾರವಿದ್ದಲ್ಲಿ ಇಲಿ, ಇಲಿಯ ಹಿಂದೆ ಹಾವು. ರಾತ್ರಿ ಓಡಾಡುವ ಕಟ್ಟುಹಾವು ಕಚ್ಚಿದರೆ ನೋವು, ಊತ ಹೆಚ್ಚಾಗಿ ಇರುವುದಿಲ್ಲ; ನೆಲದ ಮೇಲೆ ಮಲಗಿದ ಮಗುವಿಗೆ ಗೊತ್ತೇ ಆಗದಿರಬಹುದು. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋಲುವುದು, ಮಾತು ತೊದಲುವುದು ಕಂಡರೆ ಮಂತ್ರ, ನಾಟಿ ಮದ್ದು ಎಂದು ಹೊತ್ತು ಕಳೆಯದೆ ತಕ್ಷಣ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ಆದ್ದರಿಂದ ಮೊದಲು ಮೂಟೆಗಳನ್ನು ಬೇರೆಡೆ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ. ಔಷಧಿಗೆ ಬೀಗವಿರಲಿ. ಇದು ದೊಡ್ಡವರ ಕೆಲಸ. ಹಗಲಲ್ಲೇ, ಕೋಲಿನಿಂದ ತಟ್ಟಿ ನೋಡಿ ಮಾಡತಕ್ಕದ್ದು.

ಉಳಿದದ್ದು ಮಕ್ಕಳದು. "ಕೋಣೆ ಚೊಕ್ಕಟ ಮಾಡು" ಎಂದರೆ ಆರೇಳು ವರ್ಷದ ಮಗುವಿಗೆ ಎಲ್ಲಿಂದ ಶುರು ಮಾಡಬೇಕೋ ತಿಳಿಯದು. "ಪುಸ್ತಕ ಗೂಡಿಗೆ, ಕೊಳೆ ಬಟ್ಟೆ ಬುಟ್ಟಿಗೆ" ಎಂದು ಒಂದೊಂದೇ ಹೇಳಿ, ಗೂಡು ಕೈಗೆಟುಕುವಂತಿರಲಿ. ಸಂಜೆ ಡೇರಿಗೆ ಹೊರಡುವ ಮುನ್ನ ಹತ್ತು ನಿಮಿಷ ಜೊತೆಗೆ ನಿಂತರೆ ಸಾಕು. ಮುರಿದ ಆಟಿಕೆಯನ್ನು ಮಗುವನ್ನು ಕೇಳದೆ ಎಸೆಯಬೇಡಿ, ಮರುದಿನದಿಂದ ಬಚ್ಚಿಡಲು ಕಲಿಯುತ್ತದೆ. ಮಲಗುವ ಮುನ್ನ ಹಾಸಿಗೆ ಕೊಡವಿ ಹಾಸುವ ಕೆಲಸವನ್ನೂ ದೊಡ್ಡವರೇ ಮಾಡಿ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ.