ಇಳಿದ ಬೆಲೆಗೆ ಮನೆ ಮಾರುವುದು

2020ರ ಮಹಾಮಾರಿಯ ಕಾಲದಲ್ಲಿ ವೈಟ್‌ಫೀಲ್ಡಿನ ಕಚೇರಿಗಳ ನೌಕರರು ಅನೇಕರು ತಂತಮ್ಮ ಊರು ಸೇರಿದರು. ಬಾಡಿಗೆದಾರರಿಲ್ಲದ ಫ್ಲ್ಯಾಟಿಗೂ ಸಾಲದ ಕಂತು ತಪ್ಪದಷ್ಟೆ. ಇಂಥ ಹೊತ್ತಿನಲ್ಲಿ ಮಾರಹೊರಟವರಿಗೆ ಒಂದು ತೊಡಕುಂಟು: ಪೇಟೆಯ ಬೆಲೆ ಇಳಿದಾಕ್ಷಣ ಸರ್ಕಾರದ ಮಾರ್ಗಸೂಚಿ ಬೆಲೆ ಇಳಿಯದು.

ಮಾರ್ಗಸೂಚಿಯಂತೆ 60 ಲಕ್ಷದ ಮನೆಯನ್ನು 50 ಲಕ್ಷಕ್ಕೆ ಕೊಟ್ಟೆವೆನ್ನೋಣ. ಮುದ್ರಾಂಕ ಶುಲ್ಕ 60 ಲಕ್ಷದ ಮೇಲೆಯೇ. ಅಂತರವು ನೂರಕ್ಕೆ ಹತ್ತನ್ನು ಮೀರಿದ್ದರಿಂದ, ಆದಾಯ ತೆರಿಗೆಯ ಲೆಕ್ಕದಲ್ಲಿ ಮಾರಿದವನಿಗೆ 60 ಲಕ್ಷ ಬಂದಂತೆ. ಕೊಂಡವನಿಗೂ 10 ಲಕ್ಷ ಆದಾಯವಾದಂತೆ! ತರ್ಕಶಾಸ್ತ್ರದ ಮಿತ್ರರು ಇದಕ್ಕೇನೆನ್ನುವರೋ. ಮಾರಿದವನು ತಕರಾರೆತ್ತಿದರೆ ತೆರಿಗೆ ಅಧಿಕಾರಿಯು ಇಲಾಖೆಯ ಮೌಲ್ಯಮಾಪಕರಿಂದ ಬೆಲೆ ಕಟ್ಟಿಸಬಹುದು.

2022ರ ಜನವರಿಯಿಂದ ಕೆಲಕಾಲ ಕರ್ನಾಟಕ ಸರ್ಕಾರ ಮಾರ್ಗಸೂಚಿ ಬೆಲೆಯಲ್ಲಿ ನೂರಕ್ಕೆ ಹತ್ತು ಬಿಟ್ಟುಕೊಟ್ಟಿತ್ತು. 2023ರ ಅಕ್ಟೋಬರ್ 1ರಿಂದ ಆ ಬೆಲೆಯನ್ನು ಮತ್ತೆ ಏರಿಸಿತು.